ಕೈರೋ ಬಾಂಗು, ನನ್ನ ಮಂತ್ರಿ

ರಂಜಾನ್ ೯, ಭಾನುವಾರ

ಟ್ರಾಮ್‌ನಲ್ಲಿ ನಿಂತೇ ಬಂದೆ. ಗಂಟಲು ಒಣಗಿ ಹೋಗಿತ್ತು. ಮನೆಗೆ ಬಂದರೆ ಅತಿಯ್ಯಾತ್ ಅಕ್ಕ ಆಗಲೇ ಊಟದ ಮೇಜಿನ ಮುಂದೆ. ರೇಡಿಯೊದಲ್ಲಿ ಬಾಂಗು ಶುರುವಾದದ್ದೇ ತಡ, ಲೋಟಕ್ಕೆ ಕೈ ಹಾಕಿದಳು. ತಡೆದೆ.

"ಅದು ಕೈರೋದ್ದು ಅಕ್ಕ. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಇನ್ನೂ ಹೊತ್ತು ಮುಳುಗಿಲ್ಲ."

"ನಾಲ್ಕು ನಿಮಿಷಕ್ಕೆ ಅಲ್ಲಾ ನನ್ನ ಹಿಡ್ಕೊಂಡು ಕೂರ್ತಾನೇನೇ? ನಿನ್ನ ಮೇಷ್ಟ್ರಗಿರಿ ಎಲ್ಲಾ ಸ್ಕೂಲಲ್ಲಿಟ್ಕೋ."

ವರ್ಷ ವರ್ಷವೂ ಇದೇ ಜಗಳ. ಚೆಸ್ ಕ್ಲಬ್ಬಿನ ಹುಡುಗಿಯರ ಹತ್ತಿರವೂ ಇದೇ ಪಾಠ — ಕೈರೋ ಬಾಂಗಿಗೆ ಉಪವಾಸ ಬಿಟ್ಟರೆ ಇಡೀ ದಿನ ನೀರಿಗೆ ಹಾಕಿದ ಹಾಗೆ. ಎದುರಿಗೆ 'ಅಬ್ಲಾ', ಅಂದರೆ ಟೀಚರಮ್ಮ, ಅನ್ನುವವರು ಬೆನ್ನ ಹಿಂದೆ ನನ್ನನ್ನು 'ಗಡಿಯಾರ' ಅನ್ನುತ್ತಾರಂತೆ. ಅನ್ನಲಿ.

ನಾಡಿದ್ದು ಮಹಿಳೆಯರ ಫೈನಲ್. ಎದುರಿಗೆ ನಗ್ಲಾ. ಕುದುರೆ ಹೇಗೆ ಹಾರುತ್ತದೆ ಎಂಬುದರಿಂದ ಹಿಡಿದು ಎಲ್ಲ ನಾನೇ ಕಲಿಸಿದ್ದು. ಗೆದ್ದವರು ಈದ್ ಕಳೆದ ಮೇಲೆ ಊರಿನ ಪರವಾಗಿ ಕೈರೋದಲ್ಲಿ ಆಡಬೇಕು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ. ಆಸೆ ಇಲ್ಲ ಅಂದರೆ ಸುಳ್ಳು. ಆದರೆ ಹುಡುಗಿ ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಗೊತ್ತು. ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ.

ರಂಜಾನ್ ೧೧, ಮಂಗಳವಾರ

ಗೆದ್ದೆ.

ಮುಂದೆ ಬರೆಯಲು ಕೈ ಬರುತ್ತಿಲ್ಲ. ಆದರೂ ಎಲ್ಲಾದರೂ ಒಂದು ಕಡೆ ನಿಜ ಇರಬೇಕು.

ಆಟ ಎಳೆದು ಎಳೆದು ಸಂಜೆಯಾಯಿತು. ಆಟದ ಗಡಿಯಾರ ನಿಲ್ಲಿಸುವ ಹಾಗಿಲ್ಲ. ಕಾರ್ಯದರ್ಶಿ ಫತ್ತೂಹ್ ಸಾಹೇಬರು ಬೋರ್ಡಿನ ಪಕ್ಕದಲ್ಲೇ ಖರ್ಜೂರದ ತಟ್ಟೆ ಇಟ್ಟು ಹೋದರು. ನಾನು ಸೋಲುತ್ತಿದ್ದೆ. ಎರಡು ಕಾಲಾಳು ಕಮ್ಮಿ, ತಲೆ ಸುತ್ತುತ್ತಿತ್ತು. ಕ್ಯಾಂಟೀನಿನ ರೇಡಿಯೊದಿಂದ ಬಾಂಗು ಕೇಳಿತು. ಯೋಚನೆಯೇ ಇಲ್ಲದೆ ಕೈ ತಟ್ಟೆಯ ಕಡೆ ಹೊರಟಿತು.

ಅರ್ಧ ದಾರಿಯಲ್ಲಿ ಹೊಳೆಯಿತು — ಇದು ಕೈರೋದ್ದು.

ಸುತ್ತ ಹುಡುಗಿಯರೆಲ್ಲ ಕೈ ಕಟ್ಟಿ ಕೂತಿದ್ದಾರೆ. ನಾನು ಹೇಳಿಕೊಟ್ಟ ಹಾಗೆಯೇ! ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಹಿಂದಕ್ಕೆ ತೆಗೆದರೆ ಗೊತ್ತಾಗುತ್ತದೆ. ತೆಗೆಯಲಿಲ್ಲ. ತಟ್ಟೆಯ ಪಕ್ಕಕ್ಕೇ, ಬೋರ್ಡಿನ ಅಂಚಿನಲ್ಲಿ, ನನ್ನ ಮಂತ್ರಿ ನಿಂತಿತ್ತು. ಅದಕ್ಕೇ ಹೊರಟವಳ ಹಾಗೆ ಅದನ್ನು ಹಿಡಿದೆ.

ಮುಟ್ಟಿದ ಮೇಲೆ ಆಡಲೇಬೇಕು. ನೋಡಿದರೆ ಎಲ್ಲಿಟ್ಟರೂ ನಷ್ಟ. ಹೋಗುವುದಾದರೆ ಜೋರಾಗಿಯೇ ಹೋಗಲಿ ಎಂದು ನಗ್ಲಾಳ ರಾಜನ ಬಾಗಿಲಲ್ಲೇ, ಕಾಲಾಳಿನ ಬಾಯಿಗೆ ಇಟ್ಟೆ. ಅವಳು ನನ್ನ ಮುಖ ನೋಡಿದಳು. ಬೋರ್ಡ್ ನೋಡಿದಳು. ತಿಂದಳು.

ಆ ಕಾಲಾಳು ಪಕ್ಕಕ್ಕೆ ಸರಿದದ್ದೇ ಅಂಚಿನ ಸಾಲು ಪೂರ್ತಿ ತೆರೆದುಕೊಂಡಿತು. ಆಗ ಕಂಡಿತು ನನಗೆ. ಆಗಲೇ, ಅದಕ್ಕೂ ಮೊದಲಲ್ಲ. ಆನೆ ಆ ಸಾಲಿಗೆ ಬಂತು. ಚೆಕ್‌ಮೇಟ್.

ಚಪ್ಪಾಳೆ. ಅಷ್ಟರಲ್ಲಿ ನಮ್ಮೂರ ಬಾಂಗೂ ಆಯಿತು. ಫತ್ತೂಹ್ ಸಾಹೇಬರು ತಾವೇ ಖರ್ಜೂರ ಎತ್ತಿ ಕೊಟ್ಟರು. "ಮಂತ್ರಿನೇ ಬಲಿ ಕೊಟ್ಟುಬಿಟ್ರಲ್ಲ ಅಬ್ಲಾ. ಇಂಥದ್ದನ್ನ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು."

ಖರ್ಜೂರ ತೆಗೆದುಕೊಂಡು ಥ್ಯಾಂಕ್ಸ್ ಅಂದೆ.

ರಂಜಾನ್ ೧೨, ಬುಧವಾರ

ಸುದ್ದಿ ಸ್ಕೂಲಿಗೂ ಬಂದಿದೆ. ಹೆಡ್‌ಮಿಸ್ ತಬ್ಬಿಕೊಂಡರು. ಅಕ್ಕ ಮಹಡಿ ಮಹಡಿಗೂ ಹೋಗಿ ಹೇಳಿ ಬಂದಿದ್ದಾಳೆ, ಮಂತ್ರಿ ಅಂದರೆ ಯಾವ ಕಾಯಿ ಎಂದೇ ಅವಳಿಗೆ ಗೊತ್ತಿಲ್ಲ.

ಮುಂದಿನ ವಾರ ಶುಕ್ರವಾರ ಕ್ಲಬ್ಬಿನ ಗೋಡೆಯ ದೊಡ್ಡ ಬೋರ್ಡಿನ ಮೇಲೆ ನಾನು ಆ ಆಟ ವಿವರಿಸಬೇಕಂತೆ. 'ಬಲಿಯನ್ನು ಗುರುತಿಸುವುದು ಹೇಗೆ' — ಫತ್ತೂಹ್ ಸಾಹೇಬರೇ ಹೆಸರಿಟ್ಟು ನೋಟೀಸು ಹಚ್ಚಿಸಿದ್ದಾರೆ. ಬೇಡ ಅಂದೆ. "ನಿಮ್ಮ ವಿನಯ ನನಗೆ ಗೊತ್ತಿಲ್ವಾ" ಅಂದರು.

ಛೀ.

ರಂಜಾನ್ ೧೬, ಭಾನುವಾರ

ನಗ್ಲಾ ಮನೆಗೆ ಬಂದಿದ್ದಳು. ನಾನು ಓದಲು ಕೊಟ್ಟಿದ್ದ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತಂದು ಮೇಜಿನ ಮೇಲೆ ಇಟ್ಟಳು.

"ಸಾಕು ಅಬ್ಲಾ. ಇನ್ನು ಆಡಲ್ಲ."

"ಒಂದು ಆಟ ಸೋತಿದ್ದಕ್ಕಾ?"

"ಸೋತಿದ್ದಕ್ಕಲ್ಲ. ನೀವು ಮಂತ್ರಿ ಇಟ್ಟಾಗ ನನಗೆ ಏನೂ ಕಾಣಿಸ್ಲಿಲ್ಲ. ಏನಂದ್ರೆ ಏನೂ ಇಲ್ಲ. ನೀವು ಇಟ್ಟಿದ್ದು ಅಂದ್ಮೇಲೆ ಲೆಕ್ಕ ಹಾಕೇ ಇಟ್ಟಿರ್ತೀರ, ತಿಂದ್ರೂ ಸೋಲು ಬಿಟ್ರೂ ಸೋಲು ಅಂದ್ಕೊಂಡು ತಿಂದೆ. ಅಂಥ ಕಣ್ಣು ಇರಬೇಕು. ನನಗಿಲ್ಲ."

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೈರೋ ಬಾಂಗು, ಖರ್ಜೂರ, ಹಿಂದಕ್ಕೆ ಬಾರದ ಕೈ — ಒಂದೂ ಬಿಡದೆ. ಹೇಳುವಾಗ ನೆಲ ನೋಡುತ್ತಿದ್ದೆ. ತಲೆ ಎತ್ತಿದರೆ ಅವಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು.

"ನೀವು? ನಮ್ಮ ಗಡಿಯಾರ? ಕೈರೋ ಬಾಂಗಿಗೆ? ಅಬ್ಲಾ, ನನ್ನ ಸಮಾಧಾನಕ್ಕೆ ನಿಮ್ಮ ಉಪವಾಸದ ಮೇಲೇ ಸುಳ್ಳು ಹೇಳ್ತೀರಲ್ಲ."

ನನ್ನ ಕೈ ಹಿಡಿದು ಮುತ್ತಿಟ್ಟಳು. ಹೋದಳು. ಪುಸ್ತಕ ಇಲ್ಲೇ ಇವೆ.

ನಿಜ ಹೇಳಿದೆ. ಹೇಳಿ ಇನ್ನೂ ದೊಡ್ಡವಳಾದೆ. ಮತ್ತೆ ಹೇಳಿದರೂ ನಂಬುವುದಿಲ್ಲ ಎಂದು ಒಳಗೊಳಗೇ ಒಂದು ನೆಮ್ಮದಿ ಕೂಡ ಆಯಿತು. ಅದಕ್ಕೇ ಹೆಚ್ಚು ನಾಚಿಕೆ.

ರಂಜಾನ್ ೨೦, ಗುರುವಾರ, ಮಧ್ಯಾಹ್ನ

ನಾಳೆ ಏನು ವಿವರಿಸಲಿ? ಆವತ್ತಿನಿಂದ ಆ ಆಟವನ್ನು ನೋಡುವ ಧೈರ್ಯವೇ ಇರಲಿಲ್ಲ. ಇವತ್ತು ಕಾಯಿ ಜೋಡಿಸಿದೆ.

ಮಂತ್ರಿ ಇಟ್ಟೆ. ನಗ್ಲಾಳ ಕಡೆ ಹೋಗಿ ಕೂತೆ. ತಿನ್ನದಿದ್ದರೆ? ಅವಳ ಒಂಟೆ ಇದೆಯಲ್ಲ... ಓರೆಯಲ್ಲಿ ಮೂರು ಮನೆ ಮುಂದಕ್ಕೆ ತಂದರೆ, ಮಂತ್ರಿಯ ಮೇಲೂ ಬೀಳುತ್ತದೆ, ನನ್ನ ಆನೆ ಬರಬೇಕಾದ ಅಂಚಿನ ಮನೆಯನ್ನೂ ಕಾಯುತ್ತದೆ. ಒಂದೇ ನಡೆ. ಮಂತ್ರಿಯನ್ನು ಕಾಪಾಡುವಷ್ಟರಲ್ಲಿ ನನ್ನ ಕುದುರೆ ಹೋಗುತ್ತದೆ. ಆಮೇಲೆ ನನ್ನ ಆಟದಲ್ಲಿ ಏನೂ ಉಳಿಯುವುದಿಲ್ಲ.

ಮತ್ತೆ ಮತ್ತೆ ನೋಡಿದೆ. ತಪ್ಪಿಲ್ಲ. ಬಲಿಯೂ ಅಲ್ಲ, ಗಿಲಿಯೂ ಅಲ್ಲ. ಶುದ್ಧ ಪ್ರಮಾದ. ಮೇಟ್‌ನ ಚೆಂದಕ್ಕೆ ಮರುಳಾಗಿ ಯಾರೂ ನೋಡಿಲ್ಲ. ಫತ್ತೂಹ್ ಸಾಹೇಬರೂ ನೋಡಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕೈರೋಗೆ ಹೋಗಬಹುದು.

ಅಕ್ಕ ನಾಳೆಗೆ ಹೊಸ ಸ್ಕಾರ್ಫ್ ಇಸ್ತ್ರಿ ಮಾಡುತ್ತಿದ್ದಾಳೆ.

ನಗ್ಲಾಗೆ ಫೋನ್ ಮಾಡಿ ಬರಲೇಬೇಕು ಅಂದೆ. ಯಾಕೆ ಎಂದು ಕೇಳಿದಳು. ನನಗೋಸ್ಕರ ಬಾ ಅಂದೆ.

ರಂಜಾನ್ ೨೧, ಶುಕ್ರವಾರ

ಕುರ್ಚಿ ಸಾಲದೆ ಜನ ನಿಂತಿದ್ದರು. ಅಕ್ಕ ಮೊದಲ ಸಾಲಿನಲ್ಲಿ. ನಗ್ಲಾ ಬಾಗಿಲ ಹತ್ತಿರ, ಹೊರಡಲು ಅನುಕೂಲವಾಗುವ ಹಾಗೆ.

ಫತ್ತೂಹ್ ಸಾಹೇಬರು ಮಂತ್ರಿಯನ್ನು ತಂದು ಆ ಮನೆಗೆ ನೇತುಹಾಕಿದರು. "ಈಗ ಅಬ್ಲಾ ಹೇಳ್ತಾರೆ, ಮೊದಲು ಏನು ಕಾಣಿಸ್ತು ಅಂತ."

"ನಾನು ಹೇಳಲ್ಲ. ನಗ್ಲಾ, ಬಾ ಇಲ್ಲಿ. ಇವತ್ತು ಇದನ್ನ ತಿನ್ನಬೇಡ. ಬೇರೆ ಏನಿದೆ ನೋಡು."

"ತಿನ್ನದೆ ಇನ್ನೇನು ಮಾಡ್ತಾಳೆ ಪಾಪ" ಎಂದು ಯಾರೋ ನಕ್ಕರು. ನಗ್ಲಾ ಒಲ್ಲದ ಮನಸ್ಸಿನಿಂದ ಬಂದಳು. ನೋಡುತ್ತ ನಿಂತಳು. ಆಮೇಲೆ ಅವಳ ಕೈ ಒಂಟೆಯ ಮೇಲೆ ಹೋಯಿತು. ತಂದು ಇಟ್ಟಳು. ಸರಿಯಾಗಿ ಅಲ್ಲೇ. ಅದನ್ನು ಹುಡುಕಲು ನನಗೆ ಇಡೀ ಮಧ್ಯಾಹ್ನ ಹಿಡಿದಿತ್ತು.

ಫತ್ತೂಹ್ ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. "ಆನೆಗೆ ದಾರಿ ಇಲ್ಲ... ಕುದುರೆ ಹೋಯ್ತು... ಇದೇನು, ಅಬ್ಲಾನೇ ಸೋಲ್ತಾರಲ್ಲ?"

ಹುಡುಗಿಯ ಮುಖ ಅರಳಿತು. ಎಷ್ಟೋ ದಿನದ ಮೇಲೆ. ಒಂದು ಕ್ಷಣ ನನಗೂ ಸಂತೋಷವಾಯಿತು, ಸುಳ್ಳಲ್ಲ. ಆಮೇಲೆ ಅವಳು ಬೋರ್ಡ್ ಬಿಟ್ಟು ನನ್ನ ಕಡೆ ತಿರುಗಿದಳು.

"ಇದು ಆವತ್ತು ನಿಮಗೆ ಕಂಡಿತ್ತಾ ಅಬ್ಲಾ?"

"ಇಲ್ಲ."

"ಮತ್ತೆ ಮಂತ್ರಿನ ಯಾಕೆ ಅಲ್ಲಿ..."

ಅಲ್ಲಿಗೇ ನಿಲ್ಲಿಸಿದಳು. ಅರ್ಥವಾಯಿತು ಅವಳಿಗೆ. ಆ ಮುಖ ನೋಡಲಾಗಲಿಲ್ಲ.

"ನೀವು ಹೇಳಿದ್ದು ನಿಜಾನೇ" ಅಂದಳು ಮೆಲ್ಲಗೆ. "ನಾನು ಚೆಸ್ ಬಿಟ್ಟುಬಿಡ್ತಿದ್ದೆ."

"ಏನು ನಿಜ? ಏನು ಹೇಳಿದ್ರು?" ಫತ್ತೂಹ್ ಸಾಹೇಬರು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಬೇಕಿದ್ದರೆ ನಗ್ಲಾಳೇ ಹೇಳಬಹುದಿತ್ತು. ನನಗೆ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಜನರ ಕಡೆ ತಿರುಗಿದೆ. "ಆವತ್ತು ನನ್ನ ಕೈ ಹೊರಟಿದ್ದು ಮಂತ್ರಿ ಕಡೆ ಅಲ್ಲ" ಅಂದೆ. ಆಮೇಲೆ ಕೈರೋ ಬಾಂಗು, ಖರ್ಜೂರ, ಎಲ್ಲ ಹೇಳಿದೆ, ಒಂದೂ ಬಿಡದೆ.