ಎರಡು ಕುರಿಗಳಿಗೆ ಕೆರೆ ಏರಿಯ ಗೇಟು ತೆರೆಯಿರಿ

ಮಾನ್ಯ ಅಧಿಕಾರಿಗಳೇ,

ನಮ್ಮೂರ ಕೆರೆ ಏರಿಗೆ ತಾವು ಹಾಕಿಸಿದ ಗೇಟಿನಿಂದಾಗಿ ನನ್ನ ಅಪ್ಪ ಹತ್ತೊಂಬತ್ತು ದಿನದಿಂದ ನಡೆದಿಲ್ಲ. ಗೇಟಿನ ಪಕ್ಕದ ಫಲಕದಲ್ಲಿ ‘ದಿನವೂ ನಡೆಯಿರಿ, ಹೃದಯ ಕಾಪಾಡಿಕೊಳ್ಳಿ’ ಎಂದು ಬರೆಸಿದ್ದೀರಿ. ಅದರ ಕೆಳಗೇ ‘ಜಾನುವಾರುಗಳಿಗೆ ಪ್ರವೇಶವಿಲ್ಲ’ ಎಂದೂ ಇದೆ. ಈ ಎರಡು ಸಾಲುಗಳ ನಡುವೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿರುವುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಅಪ್ಪನ ಹೆಸರು ಸಣ್ಣಬೀರಪ್ಪ. ಶಿಕಾರಿಪುರದ ಕಡೆಯ ನಮ್ಮೂರಿನಿಂದ ಸೊರಬದ ಗದ್ದೆಬಯಲಿನವರೆಗೆ ನಲವತ್ತು ವರ್ಷ ಕುರಿಮಂದೆಯ ಹಿಂದೆ ನಡೆದವರು. ಮೂರು ವರ್ಷದ ಹಿಂದೆ ಅಣ್ಣ ಶಿವಶಂಕರ ಶೆಡ್ ಕಟ್ಟಿ, ಕುರಿಗಳಿಗೆ ನಿಂತಲ್ಲೇ ಮೇವು ಸಿಗುವಂತೆ ಮಾಡಿದ. ಕುರಿಗಳು ಕೊಬ್ಬಿದವು, ಅಪ್ಪ ಕಟ್ಟೆ ಹಿಡಿದು ಕೂತರು. ಪಾಪ, ಈಗಲಾದರೂ ವಿಶ್ರಾಂತಿ ಸಿಕ್ಕಿತಲ್ಲ ಎಂದು ನಾವು ಸಂತೋಷಪಟ್ಟೆವು. ಆ ತಪ್ಪು ನಮ್ಮದೇ, ತಮ್ಮ ತಲೆಗೆ ಕಟ್ಟುವುದಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರ ಬಾಯಿ ಸೊಟ್ಟಗಾಯಿತು, ಲೋಟ ಕೈಜಾರಿತು. ಲಕ್ವ. ಬೇಗ ಆಸ್ಪತ್ರೆಗೆ ಒಯ್ದಿದ್ದರಿಂದ ಉಳಿದರು. ಡಾಕ್ಟರು ಮಾತ್ರೆ ಬರೆದು, ಬೀಡಿ ಬಿಡಿಸಿ, ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದರು. ಕೂತೇ ಇದ್ದರೆ ಹೃದಯಕ್ಕೂ ಮಿದುಳಿಗೂ ಅಪಾಯವಂತೆ.

ನಡೆಯುವುದೇನು ಮಹಾ, ಎನ್ನುತ್ತೀರಾ? ನಮ್ಮ ಕಡೆ ಎದುರು ಸಿಕ್ಕವರೆಲ್ಲ ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳುತ್ತಾರೆ, ಉತ್ತರ ಕೊಡಲೇಬೇಕು. ಸುಮ್ಮನೆ ನಡೆಯಲು ಹೊರಟೆ ಎನ್ನಲು ಅಪ್ಪನಿಗೆ ನಾಚಿಕೆ. ಮೊದಲ ದಿನ ರೇಷನ್ ಅಂಗಡಿಗೆ ಎಂದರು, ಮರುದಿನ ಕ್ಷೌರಕ್ಕೆ ಎಂದರು, ಮೂರನೇ ದಿನ ಸುಳ್ಳು ಮುಗಿದು ಮನೆಯಲ್ಲೇ ಉಳಿದರು. ಕೊನೆಗೆ ಅವ್ವ ಶೆಡ್ಡಿನಿಂದ ಎರಡು ಕುರಿ ಬಿಚ್ಚಿ, ಹಗ್ಗವನ್ನು ಅವರ ಕೈಗೆ ಕೊಟ್ಟಳು. ಅಂದಿನಿಂದ ಅಪ್ಪ ದಿನಾ ಬೆಳಿಗ್ಗೆ ಕುರಿ ಹಿಡಿದು ಕೆರೆ ಏರಿಯ ಮೇಲೆ ನಡೆದರು. ಆರು ತಿಂಗಳಲ್ಲಿ ಬಿಪಿ ಹತೋಟಿಗೆ ಬಂತು.

ಆಮೇಲೆ ತಮ್ಮ ಗೇಟು ಬಂತು. ಉದ್ಘಾಟನೆಯ ದಿನ ತಾವು ಏರಿಯ ಮೇಲಕ್ಕೇ ಕಾರು ತರಿಸಿಕೊಂಡು, ಟೇಪು ಕತ್ತರಿಸಿ, ಫೋಟೊಗಾಗಿ ಹನ್ನೆರಡು ಹೆಜ್ಜೆ ಹಾಕಿದಿರಿ. ಎಣಿಸಿದ್ದೇನೆ. ಮರುದಿನ ಕಾವಲುಗಾರ ಹುಲಿಯಪ್ಪ ಅಪ್ಪನನ್ನು ತಡೆದ. ಅವನಿಗೂ ಸಂಕಟವೇ.

“ನೀವು ಒಳಗ ಬರ್ರಿ ಯಜಮಾನ್ರೇ, ಕುರಿ ಹೊರಗ ಕಟ್ರಿ. ಮ್ಯಾಲಿನೋರ ಆರ್ಡರ್ ಐತ್ರೀ.”

“ಕುರಿ ಬಿಟ್ಟು ನನಗ ಒಳಗ ಏನ್ ಕೆಲಸ ಐತಪಾ?” ಎಂದು ಅಪ್ಪ ತಿರುಗಿ ಬಂದರು.

ಉಳಿದಿರುವುದು ಲಾರಿಗಳ ಡಾಂಬರು ರಸ್ತೆ. ಅಲ್ಲಿ ಕುರಿಗಳೂ ಕಾಲಿಡುವುದಿಲ್ಲ, ಅಪ್ಪನೂ ಇಡುವುದಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ತೋರಿಸಿದಾಗ ಬಿಪಿ ಮತ್ತೆ ಏರಿತ್ತು. ಇನ್ನೊಮ್ಮೆ ಲಕ್ವ ಹೊಡೆದರೆ ಹೀಗೆ ಎದ್ದು ಬರುತ್ತಾರೆ ಎನ್ನಲಾಗದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನನಗೆ ಭಯವಾಗಿದೆ ಸ್ವಾಮಿ. ದಿನಾ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತು, ಅಪ್ಪ ಚಹಾ ಕುಡಿದು ಮುಗಿಸುವವರೆಗೆ ಅವರ ತುಟಿಯನ್ನೇ ನೋಡುತ್ತಿರುತ್ತೇನೆ.

ಬೆಳಿಗ್ಗೆ ಆರರಿಂದ ಏಳರವರೆಗೆ ಒಬ್ಬ ಮನುಷ್ಯನನ್ನೂ ಎರಡು ಕುರಿಗಳನ್ನೂ ಒಳಗೆ ಬಿಡಿ. ಹಿಕ್ಕೆ ಬಿದ್ದರೆ ಗುಡಿಸಲು ನಾನೇ ಪೊರಕೆ ತರುತ್ತೇನೆ. ತಮ್ಮ ಕಾರಿನ ಭಾರ ತಾಳಿದ ಏರಿ ಕುರಿಯ ಭಾರಕ್ಕೆ ಕುಸಿಯಲಾರದು.

ಸೋಮವಾರದಿಂದ ದಿನಾ ಬೆಳಿಗ್ಗೆ ನಾನೂ ಅಪ್ಪನೂ ಮನೆಯಿಂದ ಹೊರಡುತ್ತೇವೆ. ಏರಿಯ ಮೇಲಿನ ತಮ್ಮ ಗೇಟು ಒಂದೂವರೆ ಮೈಲಿ ದೂರ, ಡಾಕ್ಟರು ಹೇಳಿದ ಅರ್ಧ ಗಂಟೆಗೆ ಅಷ್ಟು ಸಾಕು. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಹೊಂಟ್ರಿ ಎಂದರೆ ಅಪ್ಪನ ಬಳಿ ಈಗ ನಿಜವಾದ ಉತ್ತರವಿದೆ: ಗೇಟು ತೆಗೆಸಲು.

ಇಂತಿ,
ಅಪ್ಪನ ಲೋಟ ಖಾಲಿಯಾಗುವವರೆಗೆ ಸೂಜಿಗೆ ದಾರ ಪೋಣಿಸಲಾಗದ
ರೋಜಾ