ತಲೆಕೆಳಗಾದ ದೀಪ

೧೪-೯-೯೭, ಭಾನುವಾರ

...ಆದರೂ ಧರ್ಮೇಂದ್ರನನ್ನು ನಂಬಲಾರೆ. ಪಾಂಡವಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಗಾಜು ಮಾರುವವನು ಗಾಜು ಬೇಡ ಎನ್ನುತ್ತಾನೆಯೇ? "ಆಲೆಮನೆ ಬೂದಿ, ರಸ್ತೆ ಧೂಳು, ಎಲ್ಲಾ ಲೆನ್ಸಿಗೇ ಬೀಳೋದು ಸಾ. ಫಿಲ್ಟರ್ ಹಾಕ್ಬುಡಿ, ಕನ್ನಡಕ ಇದ್ದಂಗೆ" ಎಂದು ಹೋದ ವರ್ಷ ನನ್ನ ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿಯೇಬಿಟ್ಟ. ಆಮೇಲಿನ ಮೊದಲ ರೋಲಿನಲ್ಲೇ ಆ ಫೋಟೋ.

ಹೆಂಡತಿ ಪುಟ್ಟಲಕ್ಷ್ಮಿ ತೀರಿಹೋದ ಮೇಲೆ ಮೊದಲ ಮಹಾಲಯದ ಎಡೆ. ಅವಳ ಪಟದ ಮುಂದೆ ಎಲೆ, ಕಜ್ಜಾಯ, ಎಡಕ್ಕೆ ಒಂದೇ ದೀಪ. ಅವಳು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚುವ ಮೊದಲು ಒಂದು ಸ್ನ್ಯಾಪ್ ತೆಗೆದೆ. ಪ್ರಿಂಟಿನಲ್ಲಿ ಎರಡು ದೀಪ. ಇನ್ನೊಂದು ಮೇಲೆ ಬಲಕ್ಕೆ, ಬರಿಗೋಡೆಯಲ್ಲಿ, ತಲೆಕೆಳಗಾಗಿ.

೧೫-೯

ನಾದಿನಿ ಮಂಚಮ್ಮ ಕ್ಯಾತನಹಳ್ಳಿಯಿಂದ ಬಂದಿದ್ದಳು. ಫೋಟೋಕ್ಕೆ ಕೈಮುಗಿದಳು.

"ಬೆಂಕಿ ಮೇಲ್ಮುಖ ಉರಿಯೋದಲ್ವೇನೆ?"

"ಸತ್ತೋರ ದೀಪ ಇಂಗೇ ಕಣ್ ಬಾವ. ಅಕ್ಕನಿಗೆ ನಿನ್ ಮೇಲೆ ಮುನಿಸಿಲ್ಲ ಬುಡು."

ಆಸ್ಪತ್ರೆಗೆ ತಡವಾಗಿ ಹೋಗಿದ್ದೆ. ಅವಳು ಮುಖ ತಿರುಗಿಸಿ ಮಲಗಿದ್ದಳು, ಮಾತಾಡದೆ ಹೋದಳು. ವರ್ಷದಿಂದ ಆ ಎರಡನೇ ದೀಪವೇ ಗತಿ. ಸೀಯಿಂಗ್ ಈಸ್ ಬಿಲೀವಿಂಗ್... ಆದರೆ ಪಿಯುಸಿಯಲ್ಲಿ ಬೆಳಕಿನ ಪಾಠ ಓದಿದ್ದೂ ಉಂಟು— ಆಂಗಲ್ ಆಫ್ ಇನ್ಸಿಡೆನ್ಸ್ ಈಸ್ ಈಕ್ವಲ್ ಟು... ಮುಂದಿನದು ಮರೆತೆ. ಫಿಲ್ಟರ್ ಗಾಜಿನ ಮೇಲೇ ಅನುಮಾನ.

೨೦-೯, ಸಂಜೆ

ಅದೇ ಜಾಗ, ಅದೇ ದೀಪ. ಫಿಲ್ಟರ್ ಹಾಕಿ ಒಂದು, ಬಿಚ್ಚಿ ಒಂದು.

೨೮-೯, ಭಾನುವಾರ

ಪ್ರಿಂಟು ಬಂತು. ಹಾಕಿದ್ದರಲ್ಲಿ ಎರಡು. ಬಿಚ್ಚಿದ್ದರಲ್ಲಿ ಒಂದು.

ಧರ್ಮೇಂದ್ರ ನಗುತ್ತಾನೆ. "ಬೆಳಕು ಗಾಜಿಂದ ಗಾಜಿಗೆ ಬಡ್ದು ವಾಪಸ್ ಬತ್ತದೆ ಸಾ. ದೀಪ ತೆಗಿಯೋವಾಗ ಬಿಚ್ಬೇಕು. ಯೋಳಿರ್ನಿಲ್ವಾ?"

ಹೇಳಿರಲಿಲ್ಲ. ಇರಲಿ. ಮಂಚಮ್ಮನಿಗೆ ನಾನೂ ಹೇಳಿಲ್ಲ.

೧-೧೦, ಮಹಾಲಯ ಅಮಾವಾಸ್ಯೆ, ಸಂಜೆ ೫-೪೫

ಎಡೆ ಸಿದ್ಧ. ದೀಪ ಹಚ್ಚಿಯಾಗಿದೆ. ಫಿಲ್ಟರ್ ಅಂಗೈಯಲ್ಲಿದೆ. ಹಾಕಿದರೆ ಮೋಸ. ಹಾಕದಿದ್ದರೆ ಒಂದೇ ದೀಪ, ಅಕ್ಕ ಮುನಿಸಿಕೊಂಡಳು ಎನ್ನುತ್ತಾಳೆ ಮಂಚಮ್ಮ. ಅವಳ ಮನಸ್ಸು ನೋಯುತ್ತದೆ ಎಂದು ಬರೆಯಹೊರಟೆ. ಅವಳದಲ್ಲ, ನನ್ನದು.

"ಬಾವ, ಬಿರ್ನೆ ತೆಗಿ. ಬಾಗ್ಲು ಮುಚ್ಬೇಕು."

ತಿರುಗಿಸಿ ಕೂರಿಸಿದೆ. ಬೂದಿ ಬೀಳದಿರಲಿ ಎಂದು. ಒಳಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು...

ಕಣ್ಣೊರೆಸಿಕೊಂಡರೂ ಅಕ್ಷರ ಮಸುಕಾಗುತ್ತಿದೆ. ಬೆಳಕು ಹೋಗ್ತಾ ಇದೆ—