ಗೇಟಿನ ಒಳಗಿನ ಬೆಂಡೆ

ಫಳ್ನೀರ್, ಮಂಗಳೂರು
21 ಸೆಪ್ಟೆಂಬರ್ 2025

ಪ್ರೀತಿಯ ಫ್ಲೋಯ್ಡ್,

ಇದನ್ನು ಬರೆಯುತ್ತಿರುವವಳು ಎಸ್ತೆರ್ ಲೋಬೊ, ದಿವಂಗತ ಎಡ್ವಿನ್ ಲೋಬೊ ಅವರ ಹೆಂಡತಿ, ಈ ಮನೆಯ ಯಜಮಾನಿ, ನಿನ್ನ ತಾಯಿ. ಇದೆಲ್ಲ ನಿನಗೆ ನೆನಪಿದೆ ಎಂದೇ ಈ ತಿಂಗಳ ಮೊದಲ ವಾರದವರೆಗೂ ತಿಳಿದಿದ್ದೆ. ಮರೆತಂತೆ ಕಂಡದ್ದರಿಂದ ಮೊದಲಿಗೇ ಬರೆದಿಟ್ಟಿದ್ದೇನೆ. ನಿನ್ನ ಆರೋಗ್ಯ ಹೇಗಿದೆ? ಕುವೈಟಿನಲ್ಲಿ ಸೆಕೆ ಇನ್ನೂ ಇಳಿದಿಲ್ಲವೆಂದು ಸೊಸೆ ರೇಚಲ್ ಹೇಳಿದಳು. ಏಸಿಯ ಎದುರು ತಲೆ ಕೊಟ್ಟು ಮಲಗಬೇಡ, ನಿನಗೆ ಚಿಕ್ಕಂದಿನಿಂದಲೂ ಶೀತದ ಮೂಗು. ನನ್ನ ಬಿಪಿ ಸರಿಯಾಗಿದೆ. ನೀನು ಕೇಳಿದೆಯೆಂದು ಹೇಳುತ್ತಿಲ್ಲ, ಕೇಳಬೇಕಾಗಿತ್ತೆಂದು ಹೇಳುತ್ತಿದ್ದೇನೆ.

ವಾಟ್ಸಪ್ಪಿನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀ. ಅದಕ್ಕೆ ಕಾಗದ. ಕೊಂಕಣಿಯಲ್ಲಿ ಬರೆಯಲು ಕುಳಿತರೆ ನನ್ನ ಕೈ ಮೆತ್ತಗಾಗುತ್ತದೆ, ಪುತಾ ಬಾಳಾ ಎಂದು ಏನೇನೋ ಬಂದುಬಿಡುತ್ತದೆ. ಜಗಳಕ್ಕೆ ಶಾಲೆಯಲ್ಲಿ ಕಲಿತ ಕನ್ನಡವೇ ಸರಿ. ಪಕ್ಕದ ಮನೆಯ ಹೆಲನ್ ರಜೆ ಮುಗಿಸಿ ನಾಡಿದ್ದು ಅಲ್ಲಿಗೆ ಹಿಂದಿರುಗುತ್ತಾಳೆ. ಪ್ರತಿ ವರ್ಷ ಮಾತೆ ಮರಿಯಮ್ಮನ ಮೊಂತಿ ಹಬ್ಬ ಕಳೆದ ಮೇಲೆ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯಿಂದ ನಿನ್ನ ಪಾಲಿನ ಭತ್ತ, ಮನೆಯವರೆಲ್ಲ ಹಂಚಿ ತಿನ್ನುವ ನಮ್ಮ ನೊವೆಂ, ಹೀಗೆಯೇ ಯಾರದಾದರೂ ಕೈಯಲ್ಲಿ ನಿನಗೆ ತಲುಪುತ್ತದಲ್ಲ. ಈ ಕವರೂ ಅವಳ ಕೈಯಲ್ಲೇ ಬರುತ್ತದೆ.

ಈಗ ಸುದ್ದಿ. ನನ್ನ ಬೆಂಡೆ ನಿನಗೆ ಗೊತ್ತಿರುವುದೇ. ಮದುವೆಯಾಗಿ ಬರುವಾಗ ಕಿನ್ನಿಗೋಳಿಯ ತವರಿನಿಂದ ಪೆಟ್ಟಿಗೆಯ ಮೂಲೆಯಲ್ಲಿ ಕಟ್ಟಿ ತಂದ ಬೀಜ ಅದು. ಎಂಟು ಏಣಿನ, ಹಾಲುಬಣ್ಣದ, ಗೇಣುದ್ದ ಬೆಳೆದರೂ ನಾರು ಕಟ್ಟದ ಬೆಂಡೆ. ಪ್ರತಿ ವರ್ಷ ಮಳೆಗೆ ಮುಂಚೆ ತರಗೆಲೆ ಸುಟ್ಟು ಸುಡುಮಣ್ಣು ಮಾಡಿ, ನೀರು ನಿಲ್ಲದಂತೆ ಏರು ಕಟ್ಟಿ ಬಿತ್ತುತ್ತೇನೆ. ಎಲೆಯ ಸುಂಕು ತಾಗಿದರೆ ಕೈಯೆಲ್ಲ ತುರಿಕೆ, ಹಾಗಾಗಿ ಕೊಯ್ಯುವಾಗ ನಿನ್ನ ಡ್ಯಾಡಿಯ ಉದ್ದ ತೋಳಿನ ಶರ್ಟು ತೊಟ್ಟುಕೊಳ್ಳುತ್ತೇನೆ. ಕಾಲರ್ ಹರಿದಿದೆ, ತೋಳು ಗಟ್ಟಿ ಇದೆ. ನಾನು ಪಲ್ಯಕ್ಕೆ ಹೆಚ್ಚುವಾಗ ನೀನು ತೊಟ್ಟಿನ ಕಡೆಯ ಬಿಲ್ಲೆಗಳನ್ನು ಹಣೆಗೆ, ಮೂಗಿಗೆ, ಕೆನ್ನೆಗೆ ಅಂಟಿಸಿಕೊಂಡು ನಾನು ರಾಜ ಎಂದು ಮನೆಯೆಲ್ಲ ಸುತ್ತುತ್ತಿದ್ದೆ. ರಾಜನಾಗಲು ಅಷ್ಟು ಸಾಕಾಗಿತ್ತು ಆಗ. ಈಗ ಕಾರು ಬೇಕಾಗಿದೆ.

ಬೆಂಡೆಯ ಬೀಜ ಅಂಗಡಿಯಲ್ಲಿ ಸಿಗುತ್ತದೆ, ಈ ಬೆಂಡೆಯದ್ದು ಸಿಗುವುದಿಲ್ಲ. ನನ್ನ ತವರಿನಲ್ಲಿ ಈಗ ಯಾರೂ ಬಿತ್ತುವುದಿಲ್ಲ, ಇರುವುದು ಈ ಅಂಗಳದಲ್ಲಿ ಮಾತ್ರ. ಅದಕ್ಕೇ ಗಟ್ಟಿ ಗಿಡಗಳ ಮೊದಲ ಕಾಯಿಯನ್ನು ನಾನು ಕೊಯ್ಯುವುದಿಲ್ಲ. ಕೆಂಪು ನೂಲು ಕಟ್ಟಿ, ಮಳೆಗೆ ಕೊಳೆಯದಂತೆ ಖಾಲಿ ಹಾಲಿನ ಪ್ಯಾಕೆಟನ್ನು ಟೊಪ್ಪಿಯ ಹಾಗೆ ತೊಡಿಸಿ, ಗಿಡದಲ್ಲೇ ಒಣಗಲು ಬಿಡುತ್ತೇನೆ. ಈ ಸಲ ಮೂರು ಕಾಯಿಗೆ ಟೊಪ್ಪಿ ಹಾಕಿದ್ದೆ. ಮುಂದಿನ ವರ್ಷದ ಬೆಂಡೆ ಎಂದರೆ ಆ ಮೂರು ಕಾಯಿ, ಬೇರೇನೂ ಅಲ್ಲ.

ಹಬ್ಬದ ಮುಂಚಿನ ಒಂಬತ್ತು ದಿನದ ನೊವೆನಾದಲ್ಲಿ ಏಳನೆಯ ದಿನ ಬೆಳಿಗ್ಗೆ ನಾನು ನಿನ್ನ ಮಗಳ ಕೈಗೆ ಮಾತೆಗೆ ಅರ್ಪಿಸುವ ಹೂವಿನ ತಟ್ಟೆ ಕೊಟ್ಟು, ಅವಳನ್ನು ಕರೆದುಕೊಂಡು ಇಗರ್ಜಿಗೆ ಹೋದೆ. ರೇಚಲ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಹಿಂದಿರುಗಿದಾಗ ಗೇಟು ಅಗಲ ತೆರೆದಿತ್ತು. ಬೆಂಡೆಯ ಗಿಡಗಳನ್ನೆಲ್ಲ ಕಡಿದು ಕಂಪೌಂಡಿನ ಮೂಲೆಯಲ್ಲಿ ರಾಶಿ ಹಾಕಿದ್ದರು. ಏರು ಮಟ್ಟವಾಗಿ, ಮೇಲೆ ಜಲ್ಲಿಪುಡಿ ಹರಡಿ, ಬಾಗಿಲಿನ ಕಡೆಯಿಂದ ಇಂಟರ್‌ಲಾಕ್ ಕಲ್ಲು ಹಾಸುತ್ತ ಬಂದಿದ್ದರು. ಹುಡುಗಿ ಅತ್ತಳು. ನಾನು ಅಳಲಿಲ್ಲ. ಕೊಡೆ ಹಿಡಿದು ಜಲ್ಲಿಪುಡಿಯ ಮಧ್ಯದಲ್ಲಿ ಹೋಗಿ ನಿಂತೆ. ಇನ್ನೊಂದು ಕಲ್ಲು ಇಡಬೇಕಾದರೆ ನನ್ನ ಕಾಲಿನ ಮೇಲೆ ಇಡಿ ಎಂದೆ.

ಕಂಟ್ರಾಕ್ಟರ್ ಮುಖೇಶನಿಗೆ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಹೆಲ್ಮೆಟ್ ಕಂಕುಳಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ. ಆಮೇಲೆ ಹೇಳಿದ, "ನನ್ನನ್ನು ಎಂತಕ್ಕೆ ಬೈಯುವುದು ಅಮ್ಮಾ? ಸರ್ ಹೇಳಿದ್ದು ಮಾರಾಯ್ರೆ. ಹಬ್ಬದ ಮೊದಲು ಒಂಬತ್ತು ದಿನ ಅಮ್ಮ ಬೆಳಿಗ್ಗೆ ಚರ್ಚಲ್ಲಿ ಇರ್ತಾರೆ, ಅಷ್ಟರೊಳಗೆ ಹಾಸಿ ಬಿಡು, ಹಾಸಿದ ಮೇಲೆ ಅವರು ಎಂತ ಮಾಡ್ತಾರೆ ಅಂತ."

ಫ್ಲೋಯ್ಡ್, ಅಂಗಳಕ್ಕೆ ಕಲ್ಲು ಹಾಸಬೇಕೆಂದು ನೀನು ಎದುರಿಗೆ ಹೇಳಿದ್ದರೆ ಜಗಳವಾಡುತ್ತಿದ್ದೆವು. ಅದು ಮನೆಯ ಜಗಳ. ಆದರೆ ನಾನು ಮಾತೆ ಮರಿಯಮ್ಮನ ಮುಂದೆ ಮೊಣಕಾಲೂರಿ ನಿನ್ನ ಹೆಸರು ಹೇಳುತ್ತಿರುವ ಹೊತ್ತನ್ನೇ ಹುಡುಕಿ ಅವನಿಗೆ ಕೊಟ್ಟೆಯಲ್ಲ, ಅದು ಕಳ್ಳ ಬರುವ ಹೊತ್ತು. ಆ ಹೊತ್ತು ನಿನಗೆ ಗೊತ್ತಿದ್ದದ್ದು ಏಕೆ? ಚಿಕ್ಕಂದಿನಲ್ಲಿ ನಿನ್ನ ಕೈಗೆ ಹೂವಿನ ತಟ್ಟೆ ಕೊಟ್ಟು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ.

ಮುಖೇಶ್ ಅಲ್ಲಿಂದಲೇ ನಿನಗೆ ಫೋನು ಹಚ್ಚಿ ಕೊಟ್ಟ. ನೀನು ಏನು ಹೇಳಿದೆ ಎಂಬುದು ನಿನಗೆ ಮರೆತಿದ್ದರೆ ಇಲ್ಲಿದೆ: "ಎಂತ ಮಾಮ್ಮಿ, ನಾಲ್ಕು ಬೆಂಡೆಗೆ ಇಷ್ಟು ದೊಡ್ಡ ರಾಮಾಯಣವಾ? ಕ್ರಿಸ್ಮಸ್ಸಿಗೆ ಬರುವಾಗ ಹೊಸ ಕಾರು ಎಲ್ಲಿ ನಿಲ್ಲಿಸುವುದು, ನಿಮ್ಮ ತಲೆ ಮೇಲೆಯಾ? ಬೆಂಡೆ ಬೇಕಾದರೆ ಬುಟ್ಟಿಗಟ್ಟಲೆ ತರಿಸಿ ಕೊಡ್ತೇನೆ." ನಾನು ಫೋನನ್ನು ಮುಖೇಶನ ಕೈಗೆ ಹಿಂದೆ ಕೊಟ್ಟೆ. ಸೋತು ಸುಮ್ಮನಾದೆ ಎಂದು ನೀನು ರೇಚಲಳ ಹತ್ತಿರ ಹೇಳಿಕೊಂಡೆಯಂತೆ. ನನಗೆ ಹುಡುಕುವ ಕೆಲಸವಿತ್ತು, ಅಷ್ಟೇ.

ಡ್ಯಾಡಿಯ ಶರ್ಟು ತೊಟ್ಟು ರಾಶಿಗೆ ಕೈ ಹಾಕಿದೆ. ಮುಖೇಶನೂ ತೋಳು ಮಡಚಿ ಬಂದ. "ಎಂತ ಕಳೆದು ಹೋದದ್ದಮ್ಮಾ, ಚಿನ್ನವಾ?" ಎಂದ. ಕೆಂಪು ನೂಲು ಎಂದೆ. ಎರಡು ಟೊಪ್ಪಿಯ ಕಾಯಿಗಳು ಕೈಗಾಡಿಯ ಚಕ್ರದಡಿಯಲ್ಲಿ ಜಜ್ಜಿ, ಬೀಜ ಜಲ್ಲಿಪುಡಿಯೊಂದಿಗೆ ಅರೆದುಹೋಗಿತ್ತು. ಮೂರನೆಯದು ಅವನಿಗೇ ಸಿಕ್ಕಿತು. ಹಾಲಿನ ಪ್ಯಾಕೆಟಿನೊಳಗೆ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, ಮೈಕೈಯೆಲ್ಲ ತುರಿಸಿಕೊಳ್ಳುತ್ತಲೇ ನಕ್ಕ. ಕಡಿದ ಗಿಡಗಳಲ್ಲಿದ್ದ ಎಳೆಯ ಕಾಯಿಗಳನ್ನೂ ಆರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಹಬ್ಬದ ಊಟಕ್ಕೆ ನಮ್ಮಲ್ಲಿ ತರಕಾರಿ ಬೆಸ ಸಂಖ್ಯೆಯಲ್ಲೇ ಇರಬೇಕಲ್ಲ. ರೇಚಲ್ ಏಳು ಎಂದು ಲೆಕ್ಕ ಹಾಕಿದ್ದಳು. ಬೆಂಡೆ ಹೋದರೆ ಆರು. "ಬಿಡಿ ಮಾಮ್ಮಿ, ಮಾರ್ಕೆಟಿನಲ್ಲಿ ಬೆಂಡೆ ಉಂಟಲ್ಲ" ಎಂದಳು. ನಾನು ಬದುಕಿರುವವರೆಗೆ ಈ ಮನೆಯ ಹಬ್ಬದ ಎಲೆಗೆ ಅಂಗಡಿಯ ಬೆಂಡೆ ಬೀಳುವುದಿಲ್ಲ ಎಂದೆ. ಬೀಳಲಿಲ್ಲ. ನೀನು ಕಡಿಸಿದ ಗಿಡದ ಬೆಂಡೆಯೇ ಎಲೆಗೆ ಬಂತು. ಸ್ವಲ್ಪ ಬಾಡಿತ್ತು, ರುಚಿ ಹಾಗೆಯೇ ಇತ್ತು. ನಿನ್ನ ಮಗಳು ತೊಟ್ಟಿನ ಬಿಲ್ಲೆ ಹಣೆಗೆ ಅಂಟಿಸಿಕೊಂಡಳು. ನಾನು ಕಲಿಸಿದ್ದಲ್ಲ.

ಹಬ್ಬದ ಮರುದಿನ ಕಲ್ಲುಗಳನ್ನೆಲ್ಲ ಎಬ್ಬಿಸಿಯಾಯಿತು. ಎಬ್ಬಿಸಿದವನು ಮುಖೇಶನೇ. "ಸರ್ ಕೇಳಿದರೆ ಎಂತ ಹೇಳುವುದು?" ಎಂದು ತಲೆ ಕೆರೆದ. ಸರ್‌ಗೆ ನಾನು ಬರೆಯುತ್ತೇನೆ ಎಂದೆ. ಜಲ್ಲಿಪುಡಿ ಕೆರೆದು ತೆಗೆಯುವಾಗ ಬುಟ್ಟಿಯ ಇನ್ನೊಂದು ಕಿವಿ ಹಿಡಿದವಳು ನಿನ್ನ ಹೆಂಡತಿ. ಅವಳ ಮೇಲೆ ಸಿಟ್ಟು ಮಾಡಬೇಡ. ಮಾಡಿದರೂ ಅವಳು ಹೆದರುವವಳಲ್ಲ, ಆ ವಿಷಯದಲ್ಲಿ ನೀನು ಒಳ್ಳೆಯ ಆಯ್ಕೆ ಮಾಡಿದ್ದೀ. ಕಲ್ಲುಗಳು ಶಕ್ತಿನಗರದಲ್ಲಿ ಮುಖೇಶನ ಮನೆಯ ಕೆಸರು ಅಂಗಳದಲ್ಲಿ ಚೆನ್ನಾಗಿ ಕುಳಿತಿವೆಯಂತೆ. ಅವನ ತಾಯಿ ನಿನಗೆ ಒಳ್ಳೆಯದಾಗಲಿ ಎಂದು ಹೇಳಿ ಕಳುಹಿಸಿದ್ದಾರೆ, ಆ ಮಾತನ್ನು ತಲುಪಿಸಿದ್ದೇನೆ. ಕಲ್ಲು ನಿನ್ನದಾಗಿತ್ತು, ನೆಲ ನನ್ನದು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾನುವಾರ ಪೂಜೆ ತಪ್ಪಿಸಬೇಡ. ನನ್ನ ಆಶೀರ್ವಾದ ಮೊದಲಿನಷ್ಟೇ ಇದೆ. ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ನಿನ್ನ ತಾಯಿ,
ಎಸ್ತೆರ್ ಲೋಬೊ

ಮರೆತದ್ದು: ಹೆಲನ್ ಕವರು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕವರಿನಲ್ಲಿ ನೊವೆಂ ಹುಡುಕಬೇಡ. ಹಬ್ಬದ ದಿನ ಮುಖೇಶನನ್ನು ಊಟಕ್ಕೆ ಕರೆದಿದ್ದೆ. ನಿನ್ನ ಕುರ್ಚಿಯಲ್ಲಿ ಕೂರಿಸಿ, ನಿನ್ನ ಪಾಲಿನ ನೊವೆಂ ತೆಂಗಿನ ಹಾಲಿನಲ್ಲಿ ಕಲಸಿ ಅವನಿಗೇ ಕೊಟ್ಟೆ. ಕೈ ತೊಳೆದು ಎರಡೂ ಕೈಯಲ್ಲಿ ತೆಗೆದುಕೊಂಡ. ಈ ವರ್ಷ ನಿನಗೆ ಕಳುಹಿಸಿರುವುದು ಬೆಂಡೆಯ ಬೀಜ, ಆ ಒಂದೇ ಕಾಯಿಯದ್ದು. ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟು ಬಿತ್ತು, ಒಂದು ಕಾಯಿ ಬೆಳೆಸಿ ನೋಡು, ಆಮೇಲೆ ನನ್ನ ಹತ್ತಿರ ಮಾತಾಡು. ಉಳಿದ ಬೀಜವನ್ನೆಲ್ಲ ಇಲ್ಲಿ ಅದೇ ಜಾಗದಲ್ಲಿ ಬಿತ್ತಿಯಾಯಿತು, ಎರಡೆಲೆ ಬಂದಿದೆ. ಕ್ರಿಸ್ಮಸ್ಸಿಗೆ ಕಾರು ರಸ್ತೆಯಲ್ಲೇ ನಿಲ್ಲಿಸು. ಗೇಟಿನಿಂದ ಬಾಗಿಲಿನವರೆಗೆ ಒಬ್ಬ ಮನುಷ್ಯ ನಡೆಯುವಷ್ಟು ದಾರಿ ಬಿಟ್ಟೇ ಬಿತ್ತಿದ್ದೇನೆ.